ರಿಯೊದಲ್ಲಿ ಮಂಗೋಲಿಯಾದ ಮಂದಖ್‌ನರನ್ ಸೋತಿದ್ದು ನ್ಯಾಯವಾ? (65 ಕೆಜಿ ಫ್ರೀಸ್ಟೈಲ್, 2016)

ಗರಡಿ_ಗಿರಿ

ನಿನ್ನೆ ನಮ್ಮ ಕುಸ್ತಿ ಗ್ರೂಪ್‌ಗೆ ಒಬ್ಬರು ಹಳೇ ವಿಡಿಯೊ ಹಾಕಿದರು. ರಿಯೊ ಒಲಿಂಪಿಕ್ಸ್‌ದು. ಮಂಗೋಲಿಯಾದ ಇಬ್ಬರು ಕೋಚ್‌ಗಳು ಮ್ಯಾಟ್ ಮೇಲೆ ನಿಂತು ಬಟ್ಟೆ ಬಿಚ್ಚಿ ಎಸೆಯುತ್ತಿದ್ದಾರೆ. ಒಬ್ಬರಂತೂ ಚಡ್ಡಿಯಲ್ಲಿ ನಿಂತಿದ್ದಾರೆ. ಕೆಳಗೆ ಸಾಲುಸಾಲು ನಗುವ ಮುಖಗಳು. ಆ ಕುಸ್ತಿ ಆಡಿದವನು ಯಾರು, ಅವನ ಕೈಯಿಂದ ಹೋಗಿದ್ದು ಏನು ಅಂತ ಒಬ್ಬರೂ ಕೇಳಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಆ ದಿನ ನಾನು ಟಿವಿ ಮುಂದೆಯೇ ಇದ್ದೆ. 2016 ಆಗಸ್ಟ್ 21, ಭಾನುವಾರ. ಒಲಿಂಪಿಕ್ಸ್‌ನ ಕೊನೇ ದಿನ. ನಾನು ಕೂತಿದ್ದು ನಮ್ಮ ದೇಶದ ಯೋಗೇಶ್ವರ್ ದತ್‌ಗಾಗಿ. ಮೊದಲನೇ ಕುಸ್ತಿಯಲ್ಲೇ ಯೋಗೇಶ್ವರ್‌ಗೆ ಎದುರಾಗಿದ್ದು ಈ ಗಂಜೊರಿಗೀನ್ ಮಂದಖ್‌ನರನ್. 3-0. ಯೋಗೇಶ್ವರ್ ಒಂದೇ ಒಂದು ಪಾಯಿಂಟ್ ತೆಗೆಯಲು ಆಗಲಿಲ್ಲ. ಆಗ ನನಗೆ ಈ ಮನುಷ್ಯನ ಮೇಲೆ ಸಿಟ್ಟೇ ಬಂದಿತ್ತು.

ಆಮೇಲೆ ಅವರು ಕಂಚಿನ ಕುಸ್ತಿಗೆ ಬಂದರು. ಎದುರಾಳಿ ಉಜ್ಬೆಕಿಸ್ತಾನದ ಇಖ್ತಿಯೊರ್ ನವ್ರುಜೋವ್. ಕೊನೇ ಕ್ಷಣಗಳಲ್ಲಿ ಮಂದಖ್‌ನರನ್ 7-6 ಮುಂದಿದ್ದರು. ಗೆದ್ದೇಬಿಟ್ಟೆ ಅಂತ ಕೈ ಎತ್ತಿ, ಹಾರುತ್ತಾ ಮ್ಯಾಟ್ ಸುತ್ತಿದರು. ಗಡಿಯಾರ ನಿಂತಿತು. ಕೋಚ್‌ಗಳು ಓಡಿ ಬಂದು ತಬ್ಬಿಕೊಂಡರು. ಅಷ್ಟರಲ್ಲಿ ನವ್ರುಜೋವ್‌ಗೆ ಒಂದು ಪಾಯಿಂಟ್ ಕೊಟ್ಟರು. ಕೋಚ್‌ಗಳ ಪ್ರತಿಭಟನೆ, ಗಲಾಟೆ. ಇನ್ನೊಂದು ಪಾಯಿಂಟ್ ಹೋಯಿತು. 8-7. ಪದಕ ಹೋಯಿತು.

ನಿಯಮ ಗೊತ್ತಿರುವವರು ಹೇಳಿ. ಇದು ಸರಿಯಾ? ಆರು ನಿಮಿಷ ಆಡಿ ಗೆದ್ದವನಿಂದ ಕೊನೇ ಕ್ಷಣದ ಖುಷಿಗಾಗಿ ಪದಕ ಕಿತ್ತುಕೊಳ್ಳಬಹುದಾ?

ಸೀಟಿ_ಮಾಸ್ತರ

ಜಿಲ್ಲಾ ಮಟ್ಟದಲ್ಲಿ ಹತ್ತು ವರ್ಷ ಸೀಟಿ ಊದಿದ್ದೇನೆ. ನೇರವಾಗಿ ಹೇಳುತ್ತೇನೆ: ನಿಯಮದ ಪ್ರಕಾರ ಸರಿ.

ಫ್ರೀಸ್ಟೈಲ್‌ನಲ್ಲಿ ಕುಸ್ತಿ ಬಿಟ್ಟು ಓಡಿದರೆ ಎಚ್ಚರಿಕೆ ಜೊತೆಗೆ ಎದುರಾಳಿಗೆ ಒಂದು ಪಾಯಿಂಟ್. ಕೊನೇ ಹತ್ತು ಸೆಕೆಂಡ್‌ಗೆ ಬೇರೆ ನಿಯಮ ಇಲ್ಲ. ಮೊದಲ ನಿಮಿಷದಲ್ಲಿ ತಪ್ಪಾದದ್ದು ಕೊನೇ ನಿಮಿಷದಲ್ಲೂ ತಪ್ಪೇ. ಆ ವಿಡಿಯೊದಲ್ಲಿ ಕೋಚ್‌ಗಳನ್ನು ಬಿಟ್ಟು ಅದರ ಹಿಂದಿನ ಕ್ಷಣಗಳನ್ನು ನೋಡಿ. ಎದುರಾಳಿ ಹಿಡಿಯಲು ಬರುತ್ತಿದ್ದಾನೆ. ಇವರು ಮುಖ ಕೊಡುತ್ತಿಲ್ಲ, ಕೈ ಕೊಡುತ್ತಿಲ್ಲ. ಅದು ಕುಸ್ತಿ ಅಲ್ಲ.

ಬೆಳಗಾವಿ_ಬಸು

@ಸೀಟಿ_ಮಾಸ್ತರ ಸರ್, ಹಾಗಾದರೆ ಎಲ್ಲ ಕುಸ್ತಿಯಲ್ಲೂ ಕೊಡಬೇಕಲ್ವಾ? ಮುಂದಿರುವವನು ಕೊನೇ ಹದಿನೈದು ಸೆಕೆಂಡ್ ಹಿಂದೆ ಹಿಂದೆ ಹೋಗುವುದನ್ನು ನಾವೆಲ್ಲ ಸಾವಿರ ಸಲ ನೋಡಿದ್ದೇವೆ. ತಲೆ ಬಗ್ಗಿಸಿ, ಕೈ ಅಡ್ಡ ಹಿಡಿದು, ಸುಮ್ನೆ ಟೈಮ್ ಕಳೆಯುತ್ತಾರೆ. ಅವರಿಗೆ ಬರೀ ಬಾಯಿಮಾತು. ಇವರಿಗೆ ಮಾತ್ರ ಶಿಕ್ಷೆ. ಅದೂ ಟೈಮ್ ಮುಗಿದ ಮೇಲೆ ಬೋರ್ಡ್ ಬದಲಾಯಿತು. ಅದನ್ನು ಯಾವ ಪೈಲ್ವಾನ್ ತಡೆದುಕೊಳ್ಳುತ್ತಾನೆ?

ಸೀಟಿ_ಮಾಸ್ತರ

@ಬೆಳಗಾವಿ_ಬಸು ಹಿಂದೆ ಹೋಗುವುದು ಬೇರೆ, ಬಿಟ್ಟು ಓಡುವುದು ಬೇರೆ. ತಲೆ ಬಗ್ಗಿಸಿ ಕೈ ಅಡ್ಡ ಹಿಡಿದವನು ಇನ್ನೂ ಕುಸ್ತಿಯಲ್ಲಿದ್ದಾನೆ. ಅವನನ್ನು ಹಿಡಿಯಬಹುದು. ಕೈ ಮೇಲೆತ್ತಿ ಕುಣಿಯುವವನು ಕುಸ್ತಿ ನಿಲ್ಲಿಸಿದ್ದಾನೆ. ಉಳಿದವರಿಗೆ ಕೊಡದೆ ಬಿಡುತ್ತಾರೆ ಅನ್ನುವುದು ನಿಜ. ಅದು ತಪ್ಪು. ಆದರೆ ಅದಕ್ಕಾಗಿ ಇವರು ಓಡಿದ್ದು ಸರಿ ಆಗುವುದಿಲ್ಲ.

ಮಳೆಹುಡುಗಿ

ಕುಸ್ತಿ ಗೊತ್ತಿಲ್ಲದವಳ ಪ್ರಶ್ನೆ. ಯೋಗೇಶ್ವರ್‌ನ ಸೋಲಿಸಿದವರು ಕಂಚಿಗೆ ಆಡಿದರು ಅಂದರೆ ಅವರೂ ಎಲ್ಲೋ ಸೋತಿದ್ದರು ಅಂತ ಆಯಿತು. ಸೋತವರಿಗೆ ಹೇಗೆ ಇನ್ನೊಂದು ಅವಕಾಶ? ಮತ್ತೆ ಯೋಗೇಶ್ವರ್‌ಗೆ ಯಾಕೆ ಇಲ್ಲ?

ಗರಡಿ_ಗಿರಿ

@ಮಳೆಹುಡುಗಿ ಇದಕ್ಕೆ ರೆಪಶಾಜ್ ಅನ್ನುತ್ತಾರೆ. ಫೈನಲ್‌ಗೆ ಹೋದ ಇಬ್ಬರ ಕೈಲಿ ಯಾರ್‍ಯಾರು ಸೋತಿದ್ದರೋ ಅವರಿಗೆ ಮಾತ್ರ ಕಂಚಿಗೆ ಆಡುವ ಅವಕಾಶ. ಮಂದಖ್‌ನರನ್ ಸೋತಿದ್ದು ರಷ್ಯಾದ ಸೊಸ್ಲಾನ್ ರಾಮೊನೊವ್‌ಗೆ. ರಾಮೊನೊವ್ ಫೈನಲ್‌ಗೆ ಹೋದರು, ಲಂಡನ್‌ನ 60 ಕೆಜಿ ಚಾಂಪಿಯನ್ ಆಗಿದ್ದ ಅಜರ್‌ಬೈಜಾನ್‌ನ ತೊಗ್ರುಲ್ ಅಸ್ಗರೊವ್‌ನ 11-0 ಹೊಡೆದು ಚಿನ್ನ ತೆಗೆದರು. ಹಾಗಾಗಿ ಮಂದಖ್‌ನರನ್‌ಗೆ ಬಾಗಿಲು ತೆರೆಯಿತು. ಮಂದಖ್‌ನರನ್ ತಾವೇ ಫೈನಲ್‌ಗೆ ಹೋಗಿದ್ದರೆ ಯೋಗೇಶ್ವರ್‌ಗೆ ತೆರೆಯುತ್ತಿತ್ತು. ಆ ಸಂಜೆ ನಮ್ಮ ಮನೆಯಲ್ಲಿ ಎಲ್ಲರೂ ಮಂಗೋಲಿಯಾ ಗೆಲ್ಲಲಿ ಅಂತ ಕೂತಿದ್ದೆವು. ರಾಮೊನೊವ್ ಎದುರು ಅವರು ಸೋತಾಗ ನಮ್ಮ ಆಸೆಯೂ ಮುಗಿಯಿತು.

ಅಕ್ಕ_ಪೈಲ್ವಾನ್

@ಮಳೆಹುಡುಗಿ ಇದೇ ರೆಪಶಾಜ್‌ನಿಂದ ಅದೇ ರಿಯೊದಲ್ಲಿ ಸಾಕ್ಷಿ ಮಲಿಕ್‌ಗೆ ಪದಕ ಬಂತು. ಕ್ವಾರ್ಟರ್‌ಫೈನಲ್‌ನಲ್ಲಿ ಸಾಕ್ಷಿ ಸೋತರು. ಸೋಲಿಸಿದ ರಷ್ಯಾದ ಹುಡುಗಿ ಫೈನಲ್‌ಗೆ ಹೋದಳು. ರೆಪಶಾಜ್‌ನಲ್ಲಿ ಸಾಕ್ಷಿಗೆ ಸಿಕ್ಕವರು ಯಾರು ಗೊತ್ತಾ? ಮಂಗೋಲಿಯಾದ ಪುರೆವ್‌ದೋರ್ಜ್ ಓರ್ಖೋನ್. ಸಾಕ್ಷಿ 12-3ರಲ್ಲಿ ಗೆದ್ದರು. ಆಮೇಲೆ ಕಿರ್ಗಿಸ್ತಾನದ ಟಿನಿಬೆಕೋವಾ ಎದುರು 0-5 ಹಿಂದೆ ಬಿದ್ದು 8-5 ಮಾಡಿದ್ದು ಎಲ್ಲರಿಗೂ ಗೊತ್ತು.

ಹಾಗೆ ಸೋತ ಓರ್ಖೋನ್ ಮುಂದಿನ ವರ್ಷ, 2017ರಲ್ಲಿ, ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಸಾಕ್ಷಿ ಸೋಲಿಸಿದ್ದು ಅಂಥವರನ್ನು. ಇದನ್ನು ನಮ್ಮಲ್ಲಿ ಯಾರೂ ಹೇಳುವುದೇ ಇಲ್ಲ.

ಹುಬ್ಳಿ_ಹೈದ

ಕೋಚ್‌ಗಳಿಗೆ ಏನಾಯಿತು ಆಮೇಲೆ?

ಸೀಟಿ_ಮಾಸ್ತರ

ಇಬ್ಬರಿಗೂ ಮೂರು ವರ್ಷ ನಿಷೇಧ ಹಾಕಿದರು.

ಹುಬ್ಳಿ_ಹೈದ

ಬಟ್ಟೆ ಬಿಚ್ಚಿದ್ದಕ್ಕೆ ಮೂರು ವರ್ಷ! ಜಾಸ್ತಿ ಆಯ್ತು.

ಹಳೇ_ಉಸ್ತಾದ

ಮಕ್ಕಳೇ, ಎಲ್ಲರೂ ಆ ಕೊನೇ ಕ್ಷಣಗಳನ್ನೇ ನೋಡುತ್ತಿದ್ದೀರಿ. ಅದರ ಹಿಂದಿನ 36 ವರ್ಷ ನೋಡಿ.

ಮಂಗೋಲಿಯಾಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲು ಪದಕ ತಂದುಕೊಟ್ಟಿದ್ದೇ ಕುಸ್ತಿ. 1968, ಮೆಕ್ಸಿಕೊ. ಒಂದೇ ಕೂಟದಲ್ಲಿ ನಾಲ್ಕು ಪದಕ, ನಾಲ್ಕೂ ಫ್ರೀಸ್ಟೈಲ್. 87 ಕೆಜಿಯಲ್ಲಿ ಜಿಗ್‌ಜಿದೀನ್ ಮುಂಖ್‌ಬತ್‌ಗೆ ಬೆಳ್ಳಿ. ದಾಮ್‌ದಿನ್‌ಶರವ್, ಸೆರೆಟರ್, ಅರ್ತಾಗ್ ಮೂವರಿಗೆ ಕಂಚು. 1972ರ ಮ್ಯೂನಿಕ್‌ನಲ್ಲಿ 100 ಕೆಜಿಯಲ್ಲಿ ಬಯನ್‌ಮುಂಖ್‌ಗೆ ಬೆಳ್ಳಿ. ಅವರಿಗಿಂತ ಮೇಲೆ ನಿಂತವನು ಸೋವಿಯತ್‌ನ ಇವಾನ್ ಯಾರಿಗಿನ್. 1976ರಲ್ಲಿ ಓಯ್ದೊವ್‌ಗೆ ಬೆಳ್ಳಿ. 1980ರ ಮಾಸ್ಕೊದಲ್ಲಿ ದವಾಜಾವ್‌ಗೆ ಬೆಳ್ಳಿ, ಓಯೂನ್‌ಬೋಲ್ಡ್‌ಗೆ ಕಂಚು.

ಅಲ್ಲಿಗೆ ನಿಂತುಹೋಯಿತು. 1980ರ ನಂತರ ಮಂಗೋಲಿಯಾದ ಗಂಡು ಪೈಲ್ವಾನ್ ಒಬ್ಬನಿಗೂ ಒಲಿಂಪಿಕ್ ಪದಕ ಬರಲಿಲ್ಲ. ಜೂಡೊದಲ್ಲಿ ಬಂತು, ಬಾಕ್ಸಿಂಗ್‌ನಲ್ಲಿ ಬಂತು. 2008ರಲ್ಲಿ ಬಂದ ಎರಡು ಚಿನ್ನವೂ ಆ ಎರಡು ಆಟಗಳದ್ದೇ. ಕುಸ್ತಿಯ ದೇಶಕ್ಕೆ ಕುಸ್ತಿಯ ಚಿನ್ನ ಇವತ್ತಿಗೂ ಇಲ್ಲ.

2016ರಲ್ಲಿ ಬೋರ್ಡ್ ಮೇಲೆ 7-6 ಕಂಡಾಗ ಆ ಕೋಚ್‌ಗಳ ಕಣ್ಣಿಗೆ ಏನು ಕಂಡಿರಬೇಕು ಯೋಚಿಸಿ. ನಾನು ಅವರು ಮಾಡಿದ್ದು ಸರಿ ಅನ್ನುವುದಿಲ್ಲ. ಮ್ಯಾಟ್ ಅಂದರೆ ನಮಗೆ ಗರಡಿಯ ಮಣ್ಣಿನ ಮಟ್ಟಿ ಇದ್ದ ಹಾಗೆ. ಅಲ್ಲಿ ಹಾಗೆ ನಡೆದುಕೊಳ್ಳಬಾರದು. ಆದರೆ ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಗರಡಿ_ಗಿರಿ

ಉಸ್ತಾದರೇ, ಇದು ನನಗೆ ಗೊತ್ತೇ ಇರಲಿಲ್ಲ. 36 ವರ್ಷ!

ಬೆಳಗಾವಿ_ಬಸು

ಓಯ್ದೊವ್ ಬಗ್ಗೆ ಹೇಳಲೇಬೇಕು. 1974ರಲ್ಲಿ ಇಸ್ತಾಂಬುಲ್, 1975ರಲ್ಲಿ ಮಿನ್‌ಸ್ಕ್, ಎರಡು ಸಲ ವಿಶ್ವ ಚಾಂಪಿಯನ್, 62 ಕೆಜಿ. 1976ರ ಮಾಂಟ್ರಿಯಲ್‌ನಲ್ಲಿ ಚಿನ್ನ ಗೆದ್ದಿದ್ದು ದಕ್ಷಿಣ ಕೊರಿಯಾದ ಯಾಂಗ್ ಜುಂಗ್-ಮೊ. ಅದು ಆ ದೇಶದ ಮೊದಲ ಒಲಿಂಪಿಕ್ ಚಿನ್ನ. ಆದರೆ ಆ ಯಾಂಗ್‌ನ ಕೊನೇ ಕುಸ್ತಿಯಲ್ಲಿ ಓಯ್ದೊವ್ 10-8 ಸೋಲಿಸಿದ್ದರು! ಸೋಲಿಸಿದವನಿಗೆ ಬೆಳ್ಳಿ, ಸೋತವನಿಗೆ ಚಿನ್ನ.

ಮಂಗೋಲಿಯಾದವರು ಹೊಟ್ಟೆ ಉರಿದುಕೊಳ್ಳದೆ ಇನ್ನೇನು ಮಾಡಬೇಕು?

ಮಳೆಹುಡುಗಿ

ಇದು ಹೇಗೆ ಸಾಧ್ಯ???

ಸೀಟಿ_ಮಾಸ್ತರ

ಆಗ ಈಗಿನ ಹಾಗೆ ಸೋತರೆ ಮನೆಗೆ ಅನ್ನುವ ಪದ್ಧತಿ ಇರಲಿಲ್ಲ. ಪ್ರತಿ ಕುಸ್ತಿಗೆ ದಂಡದ ಅಂಕ ಇತ್ತು. ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡಿದರೆ ನಿಮಗೆ ದಂಡ ಇಲ್ಲ. ಬರೀ ಪಾಯಿಂಟ್ ಮೇಲೆ ಗೆದ್ದರೆ ಗೆದ್ದವನಿಗೂ ಒಂದು ದಂಡ. ಕೊನೆಗೆ ಯಾರ ದಂಡ ಕಡಿಮೆಯೋ ಅವರಿಗೆ ಚಿನ್ನ. ಯಾಂಗ್ ಅಮೆರಿಕದ ಜೀನ್ ಡೇವಿಸ್‌ನ ಚಿತ್ ಮಾಡಿದ್ದರು. ಅದೇ ಡೇವಿಸ್ ಎದುರು ಓಯ್ದೊವ್ ಸೋತಿದ್ದರು. ಹಾಗಾಗಿ 10-8ರ ಗೆಲುವು ಸಾಕಾಗಲಿಲ್ಲ. ಇದರಲ್ಲಿ ಮೋಸ ಏನೂ ಇಲ್ಲ ಬಸು. ಲೆಕ್ಕ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಬೆಳಗಾವಿ_ಬಸು

ಮೋಸ ಅಂತ ನಾನೆಲ್ಲಿ ಹೇಳಿದೆ? ನೋವು ಅಂತ ಹೇಳಿದೆ. ನೀವು ಎಲ್ಲದಕ್ಕೂ ನಿಯಮದ ಪುಸ್ತಕ ತೆಗೆಯುತ್ತೀರಿ.

ಸೀಟಿ_ಮಾಸ್ತರ

ಕೇಳಿದ್ದೇ ನಿಯಮ ಸರಿಯಾ ಅಂತ. ಪುಸ್ತಕ ತೆಗೆಯದೆ ಏನು ತೆಗೆಯಲಿ?

ಉಲಾನ್_ಚಳಿ

ಕೆಲಸದ ಮೇಲೆ ಎರಡು ವರ್ಷ ಉಲಾನ್‌ಬಾತರ್‌ನಲ್ಲಿದ್ದೆ. ಕನ್ನಡದಲ್ಲಿ ಮಂಗೋಲಿಯಾ ಕುಸ್ತಿ ಬಗ್ಗೆ ಚರ್ಚೆ ನೋಡಿ ಖುಷಿಯಾಯಿತು. ಕೆಲವು ವಿಷಯ ಹೇಳುತ್ತೇನೆ.

ಮೊದಲು ಹೆಸರು. ಗಂಜೊರಿಗೀನ್ ಅನ್ನುವುದು ಮನೆತನದ ಹೆಸರಲ್ಲ. 'ಗಂಜೊರಿಗ್‌ನ' ಅಂತ ಅರ್ಥ. ತಂದೆಯ ಹೆಸರಿಗೆ ನಮ್ಮ ಷಷ್ಠಿ ವಿಭಕ್ತಿ ಸೇರಿಸಿದ ಹಾಗೆ. ಅವರೂ ನಮ್ಮ ಹಾಗೆ ಇನಿಶಿಯಲ್ ಬರೆಯುತ್ತಾರೆ. ಜಿ. ಮಂದಖ್‌ನರನ್ ಅಂತ. ಮಂದಖ್ ಅಂದರೆ ಉದಯಿಸುವ, ನರನ್ ಅಂದರೆ ಸೂರ್ಯ. ಹುಟ್ಟುವ ಸೂರ್ಯ. ಎಷ್ಟು ಚೆಂದದ ಹೆಸರು ನೋಡಿ.

ಇನ್ನು ಅವರ ಸ್ವಂತ ಕುಸ್ತಿ, ಬೋಖ್. ಪ್ರತಿ ಜುಲೈ 11ಕ್ಕೆ ನಾದಮ್ ಹಬ್ಬ ಶುರುವಾಗುತ್ತದೆ. ರಾಜಧಾನಿಯ ಸ್ಟೇಡಿಯಂನಲ್ಲಿ 512 ಪೈಲ್ವಾನರು. ಒಂಬತ್ತು ಸುತ್ತು. ತೂಕದ ವಿಭಾಗ ಇಲ್ಲ. 70 ಕೆಜಿಯವನಿಗೆ 130 ಕೆಜಿಯವನು ಸಿಗಬಹುದು. ಪಾದ ಬಿಟ್ಟು ಮೊಣಕಾಲೋ ಮೊಣಕೈಯೋ ನೆಲಕ್ಕೆ ತಾಗಿತೆಂದರೆ ಮುಗಿಯಿತು. ಸೋತವನು ಗೆದ್ದವನ ತೋಳಿನ ಕೆಳಗೆ ತಲೆ ಬಗ್ಗಿಸಿ ಹಾದು ಹೋಗಬೇಕು. ನಾನು ಮೊದಲ ಸಲ ನೋಡಿದಾಗ ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದರು. ಭಾಷೆ ಬರಲ್ಲ. ಪ್ರತಿ ಪಟ್ಟಿಗೂ ನನ್ನ ತೊಡೆ ಮೇಲೆ ಹೊಡೆದು ಏನೋ ವಿವರಿಸುತ್ತಿದ್ದರು. ಸಂಜೆಗೆ ತೊಡೆ ಕೆಂಪಾಗಿತ್ತು.

ಹಳೇ_ಉಸ್ತಾದ

@ಉಲಾನ್_ಚಳಿ ಗೆದ್ದವರಿಗೆ ಬಿರುದು ಕೊಡುತ್ತಾರಂತಲ್ಲ? ಅದನ್ನು ಹೇಳಿ.

ಉಲಾನ್_ಚಳಿ

@ಹಳೇ_ಉಸ್ತಾದ ಹೌದು. ಐದು ಸುತ್ತು ಗೆದ್ದರೆ ನಾಚಿನ್, ಅಂದರೆ ಸಣ್ಣ ಗಿಡುಗ. ಆರಕ್ಕೆ ದೊಡ್ಡ ಗಿಡುಗ. ಏಳಕ್ಕೆ ಝಾನ್, ಆನೆ. ಎಂಟಕ್ಕೆ ಗರಿದ್. ಹೌದು, ನಮ್ಮ ಗರುಡ! ಬೌದ್ಧ ಧರ್ಮದ ಜೊತೆ ಸಂಸ್ಕೃತದಿಂದ ಹೋದ ಪದ. ಹಬ್ಬ ಗೆದ್ದವನು ಅರ್ಸ್ಲಾನ್, ಸಿಂಹ. ಇನ್ನೊಮ್ಮೆ ಗೆದ್ದರೆ ಅವರ್ಗ, ಮಹಾ ಚಾಂಪಿಯನ್.

ಮುಂಖ್‌ಬತ್ ಆರು ಸಲ ಗೆದ್ದ ಅವರ್ಗ. ಬಯನ್‌ಮುಂಖ್ ಹತ್ತು ಸಲ. ಅಂದರೆ ಒಲಿಂಪಿಕ್ ಬೆಳ್ಳಿ ತಂದವರೇ ಊರ ಹಬ್ಬದ ರಾಜರೂ ಆಗಿದ್ದರು.

ಚಾಮರಾಜ_88

ಜಪಾನ್ ಕುಸ್ತಿ ಸುಮೊದ ಹಕುಹೊ ಈ ಮುಂಖ್‌ಬತ್ ಮಗ ಅಲ್ವಾ?

ಉಲಾನ್_ಚಳಿ

ಹೌದು. ದವಾಜರ್ಗಲ್ ಅವನ ಮೂಲ ಹೆಸರು. ಜಪಾನ್‌ಗೆ ಹೋದಾಗ ಸಣಕಲ ಹುಡುಗ, ತೆಗೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ 69ನೇ ಯೊಕೊಜುನ ಆದ, ಅದು ಸುಮೊದ ಅತಿ ದೊಡ್ಡ ಪದವಿ. 45 ಟೂರ್ನಿ ಗೆದ್ದ, ಸುಮೊದಲ್ಲಿ ಅಷ್ಟು ಇನ್ಯಾರೂ ಗೆದ್ದಿಲ್ಲ. ಮಗ ಆ ಎತ್ತರಕ್ಕೆ ಹೋಗಿದ್ದನ್ನು ಮುಂಖ್‌ಬತ್ ನೋಡಿದರು. 2018ರಲ್ಲಿ ತೀರಿಕೊಂಡರು.

ಚಾಮರಾಜ_88

ಸುಮೊಗೆ ಬೇರೆ ಚರ್ಚೆ ಶುರು ಮಾಡೋಣ, ಹೇಳಲು ತುಂಬಾ ಇದೆ.

ಗರಡಿ_ಗಿರಿ

ದಯವಿಟ್ಟು ಮಾಡಿ. ಇಲ್ಲಿ 65 ಕೆಜಿಗೆ ವಾಪಸ್ ಬರೋಣ 🙏

ಕೊಪ್ಪಳ_ಕಲಿ

ಒಂದು ಮಾತು ಯಾರೂ ಹೇಳಲಿಲ್ಲ. ಮಂಗೋಲಿಯಾ ಪೈಲ್ವಾನರು ಗೆದ್ದಾಗ ಹಕ್ಕಿ ಥರ ರೆಕ್ಕೆ ಬಿಚ್ಚಿ ಕುಣಿಯುತ್ತಾರೆ. ಅದು ಅವರ ಸಂಪ್ರದಾಯ. ಮಂದಖ್‌ನರನ್ ಕುಣಿದಿದ್ದು ಅದೇ ಅಲ್ವಾ? ಸಂಪ್ರದಾಯಕ್ಕೆ ಶಿಕ್ಷೆ ಕೊಟ್ಟ ಹಾಗಾಯಿತು.

ಉಲಾನ್_ಚಳಿ

@ಕೊಪ್ಪಳ_ಕಲಿ ಇಲ್ಲ, ಇದನ್ನು ಒಪ್ಪಲಾರೆ. ಹದ್ದಿನ ಕುಣಿತ ಕುಸ್ತಿಗೆ ಮುಂಚೆ ಇದೆ, ಗೆದ್ದ ಮೇಲೂ ಇದೆ. ಕುಸ್ತಿಯ ಮಧ್ಯೆ ಯಾರೂ ಕುಣಿಯುವುದಿಲ್ಲ. ನಾದಮ್‌ನಲ್ಲಿ ಮಧ್ಯೆ ಕೈ ಬಿಟ್ಟು ಕುಣಿದರೆ ಎದುರಾಳಿ ಕಾಲು ಹಿಡಿದು ಕೆಡವುತ್ತಾನೆ ಅಷ್ಟೇ. ಮಂದಖ್‌ನರನ್‌ದು ಸಂಪ್ರದಾಯ ಅಲ್ಲ. ಬರೀ ಖುಷಿ. ತಡೆಯಲಾಗದ ಖುಷಿ.

ಆದರೆ ಕೋಚ್‌ಗಳ ವಿಷಯದಲ್ಲಿ ನನಗೆ ಒಂದು ಅನಿಸುತ್ತದೆ. ಬೋಖ್‌ನಲ್ಲಿ ಪ್ರತಿ ಪೈಲ್ವಾನನ ಜೊತೆ ಒಬ್ಬ ಝಸೂಲ್ ಇರುತ್ತಾನೆ. ಮೈದಾನದ ಒಳಗೇ ನಿಂತಿರುತ್ತಾನೆ. ಪೈಲ್ವಾನನ ಟೋಪಿ ಇವನ ಕೈಯಲ್ಲಿ. ಅವನ ಬಿರುದು ಕೂಗಿ ಹೇಳುವವನು ಇವನೇ. ಕುಸ್ತಿ ತಣ್ಣಗಾದರೆ ಹತ್ತಿರ ಹೋಗಿ ಬೆನ್ನು ತಟ್ಟುವವನೂ ಇವನೇ. ಪೈಲ್ವಾನನ ಮಾನ ಅವನ ಮಾನ. ಅಂಥ ದೇಶದ ಕೋಚ್‌ಗೆ ಮ್ಯಾಟ್ ಹೊರಗಿನ ಕುರ್ಚಿ ಮೇಲೆ ಕೂತು ನೋಡು ಅಂದರೆ ಕಷ್ಟ.

ಸೀಟಿ_ಮಾಸ್ತರ

@ಉಲಾನ್_ಚಳಿ ಝಸೂಲ್ ವಿಷಯ ಹೊಸದು. ಧನ್ಯವಾದ. ಆದರೂ ಕುರ್ಚಿಯಲ್ಲಿ ಕೂರಲೇಬೇಕು.

ಅಕ್ಕ_ಪೈಲ್ವಾನ್

ಗಂಡಸರ 36 ವರ್ಷದ ಕಥೆ ಆಯಿತು. ಆ ಖಾಲಿ ಜಾಗದಲ್ಲಿ ಮಂಗೋಲಿಯಾ ಕುಸ್ತಿಯ ಮಾನ ಉಳಿಸಿದ್ದು ಹೆಣ್ಣುಮಕ್ಕಳು. ಅದನ್ನೂ ಬರೆಯಬೇಕಲ್ವಾ?

ಸೊರೊಂಜೊನ್‌ಬೋಲ್ಡಿನ್ ಬತ್ಸೆತ್ಸೆಗ್. 2010ರಲ್ಲಿ ಮಾಸ್ಕೊದಲ್ಲಿ ವಿಶ್ವ ಚಾಂಪಿಯನ್. 2012ರಲ್ಲಿ ಲಂಡನ್‌ನಲ್ಲಿ 63 ಕೆಜಿ ಕಂಚು. 1980ರ ನಂತರ ಕುಸ್ತಿಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. 2015ರಲ್ಲಿ ಲಾಸ್ ವೇಗಸ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್. ಟೋಕಿಯೊದಲ್ಲಿ, ನಮ್ಮ ವಿನೇಶ್ ಆಡಿದ 53 ಕೆಜಿಯಲ್ಲೇ, ಬೊಲೊರ್ತುಯಾಗೆ ಕಂಚು.

ನಾದಮ್ ಬಗ್ಗೆ ಇಷ್ಟು ಹೇಳಿದಿರಿ. ಅಲ್ಲಿ ಹೆಂಗಸರಿಗೆ ಕುಸ್ತಿ ಇಲ್ಲ ಅಂತ ಯಾರೂ ಹೇಳಲಿಲ್ಲ. ಕುದುರೆ ಉಂಟು, ಬಿಲ್ಲು ಉಂಟು, ಕುಸ್ತಿ ಇಲ್ಲ. ಪೈಲ್ವಾನರ ಅಂಗಿಗೆ ಎದೆಯ ಹತ್ತಿರ ಬಟ್ಟೆ ಇಲ್ಲದಿರುವುದಕ್ಕೂ ಒಂದು ಕಥೆ ಇದೆ. ಹಿಂದೆ ಯಾರೋ ಹೆಂಗಸು ಗಂಡಿನ ವೇಷದಲ್ಲಿ ಬಂದು ಎಲ್ಲರನ್ನೂ ಕೆಡವಿದಳಂತೆ. ಮತ್ತೆ ಹಾಗಾಗಬಾರದು ಅಂತ ಅಂಗಿಯನ್ನೇ ಬದಲಾಯಿಸಿದರಂತೆ. ಆ ಊರಿನಿಂದ ವಿಶ್ವ ಚಾಂಪಿಯನ್ ಹುಡುಗಿಯರು ಬಂದರು.

ನನ್ನ ಮಗಳು ಈಗ 46 ಕೆಜಿ ಆಡುತ್ತಾಳೆ. ಮೊದಲ ಸಲ ಅವಳನ್ನು ಒಂದು ಗರಡಿಗೆ ಕರೆದುಕೊಂಡು ಹೋದಾಗ ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಹೆಣ್ಣು ಬರಬಾರದು ಅಂದರು. ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಾಗೇ ವಾಪಸ್ ಬಂದೆವು. ಈಗ ಬೇರೆ ಕಡೆ ಮ್ಯಾಟ್ ಮೇಲೆ ಕಲಿಯುತ್ತಾಳೆ. ಬತ್ಸೆತ್ಸೆಗ್ ಹೆಸರು ಅವಳಿಗೆ ಬಾಯಿಪಾಠ.

ಹಳೇ_ಉಸ್ತಾದ

@ಅಕ್ಕ_ಪೈಲ್ವಾನ್ ತಾಯಿ, ಹಾಗೆ ವಾಪಸ್ ಕಳಿಸಿದ್ದು ತಪ್ಪು. ನಮ್ಮ ಪೀಳಿಗೆಯದೇ ತಪ್ಪು ಅದು. ಮಗಳು ಚೆನ್ನಾಗಿ ಆಡಲಿ.

ಉಲಾನ್_ಚಳಿ

ಬತ್ ಅಂದರೆ ಗಟ್ಟಿ, ಸೆತ್ಸೆಗ್ ಅಂದರೆ ಹೂವು. ಗಟ್ಟಿ ಹೂವು. ಮಗಳಿಗೆ ಹೇಳಿ.

ಅಕ್ಕ_ಪೈಲ್ವಾನ್

ಹೇಳಿದೆ. ಗೋಡೆ ಮೇಲೆ ಬರೆಯುತ್ತಾಳಂತೆ 😊

ಬೆಳಗಾವಿ_ಬಸು

ಇನ್ನೊಂದು ನೆನಪಾಯಿತು. 2019ರ ವಿಶ್ವ ಚಾಂಪಿಯನ್‌ಶಿಪ್, ನೂರ್-ಸುಲ್ತಾನ್. ಅದೇ 65 ಕೆಜಿ. ಕಂಚಿನ ಕುಸ್ತಿ. ಒಂದು ಕಡೆ ಬಜರಂಗ್ ಪುನಿಯಾ, ಇನ್ನೊಂದು ಕಡೆ ಮಂಗೋಲಿಯಾದ ತುಲ್ಗಾ ತೊಮೊರ್-ಒಚಿರ್. ಫಲಿತಾಂಶ 8-7, ಬಜರಂಗ್‌ಗೆ. ಅದೇ ತೂಕ, ಅದೇ ಕಂಚು, ಅದೇ 8-7. ಮತ್ತೆ ಮಂಗೋಲಿಯಾ ಬರಿಗೈ. ನಮ್ಮವನು ಗೆದ್ದ ಅಂತ ನಾನು ಕುಣಿದೆ. ಆಮೇಲೆ ತುಲ್ಗಾ ಮ್ಯಾಟ್ ಮೇಲೆ ತಲೆ ತಗ್ಗಿಸಿ ನಿಂತಿದ್ದು ನೋಡಿ ರಿಯೊ ನೆನಪಾಯಿತು.

ಸೀಟಿ_ಮಾಸ್ತರ

ಆ ಕೂಟದ ಸೆಮಿಫೈನಲ್ ಮರೆಯಬೇಡಿ. ಬಜರಂಗ್ ಮತ್ತು ಕಜಕಿಸ್ತಾನದ ನಿಯಾಜ್‌ಬೆಕೋವ್ 9-9 ಸಮ. ನಾಲ್ಕು ಪಾಯಿಂಟ್‌ನ ಪಟ್ಟು ಹಾಕಿದ್ದಕ್ಕೆ ನಿಯಾಜ್‌ಬೆಕೋವ್ ಗೆದ್ದರು. ಆಗ ನಮ್ಮವರೆಲ್ಲ ರೆಫರಿಗಳನ್ನು ಬೈದಿದ್ದೇ ಬೈದಿದ್ದು. ಇಲ್ಲಿ ಮಂಗೋಲಿಯಾ ಕೋಚ್‌ಗಳಿಗೆ ಬುದ್ಧಿ ಹೇಳುವವರು ಆ ದಿನ ಏನು ಬರೆದಿದ್ದರು ಅಂತ ಒಮ್ಮೆ ತಿರುಗಿ ನೋಡಲಿ.

ಬೆಳಗಾವಿ_ಬಸು

ಇದನ್ನು ಮಾತ್ರ ಒಪ್ಪಿದೆ ಮಾಸ್ತರೇ. ನಾನೂ ಬೈದಿದ್ದೆ.

ಕೊಪ್ಪಳ_ಕಲಿ

ತುಲ್ಗಾ ಚೆನ್ನಾಗಿ ಆಡುತ್ತಾನೆ. 2018ರ ಬುಡಾಪೆಸ್ಟ್‌ನಲ್ಲೂ ಬಜರಂಗ್ ಅವನನ್ನು 5-3ರಲ್ಲಿ ದಾಟಿಯೇ ಮುಂದೆ ಹೋಗಿ ಬೆಳ್ಳಿ ತಂದಿದ್ದು.

ಉಲಾನ್_ಚಳಿ

ಒಚಿರ್ ಅನ್ನುವುದು ಕೂಡ ನಮ್ಮ 'ವಜ್ರ' ಪದವೇ, ಅವರ ಬಾಯಲ್ಲಿ ಹಾಗಾಗಿದೆ. ತೊಮೊರ್ ಅಂದರೆ ಕಬ್ಬಿಣ. ಕಬ್ಬಿಣದ ವಜ್ರಾಯುಧ!

ಮಳೆಹುಡುಗಿ

ಕುಸ್ತಿ ಇಷ್ಟೊಂದು ರಕ್ತದಲ್ಲಿದ್ದರೂ ಒಲಿಂಪಿಕ್ ಚಿನ್ನ ಯಾಕೆ ಬರಲಿಲ್ಲ? ಇದಕ್ಕೆ ಕಾರಣ ಏನು?

ಹಳೇ_ಉಸ್ತಾದ

@ಮಳೆಹುಡುಗಿ ನನ್ನ ಅನುಭವದಿಂದ ಹೇಳುತ್ತೇನೆ, ಒಪ್ಪಬೇಕು ಅಂತಿಲ್ಲ.

ಬೋಖ್‌ನಲ್ಲಿ ನೆಲ ಮುಟ್ಟಿದರೆ ಕುಸ್ತಿ ಮುಗಿಯಿತು. ಫ್ರೀಸ್ಟೈಲ್‌ನಲ್ಲಿ ಅರ್ಧ ಕುಸ್ತಿ ಶುರುವಾಗುವುದೇ ನೆಲ ಮುಟ್ಟಿದ ಮೇಲೆ. ಕೆಡವಿದರೆ ಎರಡು ಪಾಯಿಂಟ್. ಆಮೇಲೆ ಕಾಲು ಕತ್ತರಿ ಹಾಕಿ ಉರುಳಿಸಿದರೆ ಎರಡು, ಮತ್ತೆ ಉರುಳಿಸಿದರೆ ಮತ್ತೆರಡು. ನಿಂತು ಆಡುವುದರಲ್ಲಿ ಮಂಗೋಲಿಯಾದವರನ್ನು ಅಲ್ಲಾಡಿಸುವುದು ಕಷ್ಟ. ಸೊಂಟ ಕಲ್ಲು. ನೆಲದ ಮೇಲೆ ರಷ್ಯಾ, ಇರಾನ್‌ನವರು ಚಿಕ್ಕಂದಿನಿಂದ ಕಲಿತಿರುತ್ತಾರೆ. ನಮ್ಮ ಮಟ್ಟಿ ಕುಸ್ತಿ ಹುಡುಗರು ಮ್ಯಾಟ್‌ಗೆ ಬಂದಾಗ ಇದೇ ಕಷ್ಟ ಪಡುವುದನ್ನು ನೋಡಿದ್ದೇನೆ. ಮಟ್ಟಿಯಲ್ಲಿ ಬೆನ್ನು ಮಣ್ಣಿಗೆ ಹತ್ತುವವರೆಗೆ ಟೈಮ್ ಇದೆ. ಮ್ಯಾಟ್ ಮೇಲೆ ಮೂರು ನಿಮಿಷ, ಮೂವತ್ತು ಸೆಕೆಂಡ್ ಬಿಡುವು, ಮತ್ತೆ ಮೂರು ನಿಮಿಷ. ಗಡಿಯಾರ ಓದಲು ಬರಬೇಕು.

ರಿಯೊದಲ್ಲಿ ಆಗಿದ್ದೂ ಅದೇ ಅಂತ ನನಗೆ ಅನಿಸುತ್ತದೆ. ಆ ಹುಡುಗ ಎದುರಾಳಿಗೆ ಸೋಲಲಿಲ್ಲ. ಗಡಿಯಾರಕ್ಕೆ ಸೋತ.

ಹುಬ್ಳಿ_ಹೈದ

ಉಸ್ತಾದರ ಮಾತಿಗೆ ನನ್ನದೂ ಸೇರಿಸುತ್ತೇನೆ. 57 ಕೆಜಿಯಲ್ಲಿ ಆಡುತ್ತಿದ್ದಾಗ ಒಂದು ಸೆಮಿಫೈನಲ್‌ನಲ್ಲಿ 5-4 ಮುಂದಿದ್ದೆ. ಎಂಟು ಸೆಕೆಂಡ್ ಉಳಿದಿತ್ತು. ನಮ್ಮ ಊರಿನವರೆಲ್ಲ ಕೂಗುತ್ತಿದ್ದರು. ಒಂದೇ ಒಂದು ಸಲ ಅವರ ಕಡೆ ತಿರುಗಿ ನೋಡಿದೆ. ತಿರುಗಿ ಈ ಕಡೆ ನೋಡುವಷ್ಟರಲ್ಲಿ ನನ್ನ ಬಲಗಾಲು ಅವನ ಎದೆಗೆ ಅಪ್ಪಿತ್ತು. ಎರಡು ಪಾಯಿಂಟ್. 6-5. ಆ ರಾತ್ರಿ ಬಸ್‌ನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಇವತ್ತಿಗೂ ಆ ಬಲಗಾಲಿನ ಹಿಡಿತ ಮೈಗೆ ನೆನಪಿದೆ. ನಂದು ಒಂದು ಸಣ್ಣ ಕೂಟ. ಅವರದು ಒಲಿಂಪಿಕ್ಸ್.

ಮೇಲೆ 'ಮೂರು ವರ್ಷ ಜಾಸ್ತಿ ಆಯ್ತು' ಅಂದಿದ್ದೆ. ಈಗಲೂ ಹಾಗೇ ಅನಿಸುತ್ತದೆ.

ಕೊಪ್ಪಳ_ಕಲಿ

❤️

ಸೀಟಿ_ಮಾಸ್ತರ

@ಹುಬ್ಳಿ_ಹೈದ ಶಿಕ್ಷೆ ಬಟ್ಟೆ ಬಿಚ್ಚಿದ್ದಕ್ಕಷ್ಟೇ ಅಲ್ಲ. ತೀರ್ಪುಗಾರರ ಮುಂದೆ ಬೂಟು ತೆಗೆದು ಬಡಿಯುವುದು, ಮ್ಯಾಟ್ ಬಿಡದೆ ನಿಲ್ಲುವುದು, ಇದನ್ನೆಲ್ಲ ಬಿಟ್ಟುಬಿಟ್ಟರೆ ನಾಳೆ ಪ್ರತಿ ಕೂಟದಲ್ಲೂ ಅದೇ. ಒಮ್ಮೆ ನನ್ನ ಮೇಲೆ ನೀರಿನ ಬಾಟಲಿ ಎಸೆದಿದ್ದಾರೆ. ಹಣೆಗೆ ಎರಡು ಹೊಲಿಗೆ ಬಿತ್ತು. ಆ ದಿನ ನಾನು ಕೊಟ್ಟ ತೀರ್ಪು ಸರಿಯಾಗಿತ್ತು.

ಆದರೆ ಒಂದು ಒಪ್ಪುತ್ತೇನೆ. ಆ ಪಾಯಿಂಟ್ ಕೊಡಬೇಕಿದ್ದರೆ ಆಗಲೇ, ಆಟ ನಡೆಯುತ್ತಿದ್ದಾಗಲೇ, ಕೈ ಎತ್ತಿ ತೋರಿಸಬೇಕು. ಹುಡುಗ ನೋಡುತ್ತಾನೆ, ಎಚ್ಚೆತ್ತುಕೊಳ್ಳುತ್ತಾನೆ, ಮತ್ತೆ ಹಿಡಿಯುತ್ತಾನೆ. ಗೆದ್ದೆ ಅಂತ ತಬ್ಬಿಕೊಂಡವರಿಗೆ ಆಮೇಲೆ ಹೇಳಿದರೆ ಯಾರಿಗೇ ಆದರೂ ತಲೆ ಕೆಡುತ್ತದೆ. ಅಷ್ಟರ ಮಟ್ಟಿಗೆ ಬಸು ಹೇಳಿದ್ದು ಸರಿ.

ಬೆಳಗಾವಿ_ಬಸು

ಇಷ್ಟೇ ನಾನು ಮೊದಲಿನಿಂದ ಹೇಳುತ್ತಿದ್ದದ್ದು.

ಚಾಮರಾಜ_88

ಆ ದಿನ ಸ್ಟೇಡಿಯಂನಲ್ಲಿದ್ದ ಬ್ರೆಜಿಲ್ ಜನ 'ಮಂಗೋಲಿಯಾ, ಮಂಗೋಲಿಯಾ' ಅಂತ ಕೂಗುತ್ತಿದ್ದರು. ಅದನ್ನೂ ನೆನಪಿಡಿ. ಅಲ್ಲಿ ಇದ್ದವರಿಗೆ ಅದು ನಗು ಅಲ್ಲ.

ಗರಡಿ_ಗಿರಿ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮತ್ತೆ ಆ ಕುಸ್ತಿ ನೋಡಿದೆ. ಈ ಸಲ ಕೋಚ್‌ಗಳು ಬರುವ ಮುಂಚೆಯೇ ನಿಲ್ಲಿಸಿದೆ. ಮಾಸ್ತರು ಹೇಳಿದ ಹಾಗೆ ಕೊನೇ ಸೆಕೆಂಡ್‌ಗಳನ್ನು ನಿಧಾನ ಮಾಡಿ ನೋಡಿದೆ. ನವ್ರುಜೋವ್ ಬಿಡದೆ ಹಿಂದೆ ಬರುತ್ತಿದ್ದಾರೆ. ಪಾಯಿಂಟ್ ಕೊಟ್ಟಿದ್ದು ತಪ್ಪಲ್ಲ ಅಂತ ಈಗ ನನಗೂ ಅನಿಸುತ್ತದೆ. ಬೇಜಾರು ಮಾತ್ರ ಹಾಗೇ ಇದೆ.

ಗ್ರೂಪ್‌ನಲ್ಲಿ ಆ ವಿಡಿಯೊ ಕೆಳಗೆ ಬರೆದೆ: 'ಇವರ ಹೆಸರು ಮಂದಖ್‌ನರನ್. ಯೋಗೇಶ್ವರ್‌ನ 3-0 ಸೋಲಿಸಿದವರು. ಪೂರ್ತಿ ಕುಸ್ತಿ ನೋಡಿ.' ಪೂರ್ತಿ ಕುಸ್ತಿಯ ಕೊಂಡಿಯನ್ನೂ ಹಾಕಿದೆ. ಇಬ್ಬರು ಹುಡುಗರು ನೋಡಿ, ಅವರ ಎಡಗೈ ಹಿಡಿತದ ಬಗ್ಗೆ ಕೇಳಿದ್ದಾರೆ. ಉಸ್ತಾದರೇ, ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಗರಡಿ ಕಡೆ ಬನ್ನಿ, ನೀವೇ ತೋರಿಸಿಕೊಡಿ.

ಹಳೇ_ಉಸ್ತಾದ

ಆರು ಗಂಟೆಗೆ ಬರುತ್ತೇನೆ. ಹುಡುಗರಿಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳು.